ಅಗಲ ಗಾಲಿಯ ಸದ್ದು

ಆ ಕಾರಿನಲ್ಲಿ ಇಬ್ಬರಿಗೆ ಮಾತ್ರ ಜಾಗ. ನನ್ನ ಗಂಡ ಆರಡಿ ಮೀರಿದ ಮನುಷ್ಯ. ಒಳಗೆ ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಹಾಗಾಗಿ ಎಡಗಡೆಯ ಸೀಟು ನಮ್ಮ ಅತ್ತೆಯವರ ಪಾಲಿಗೆ ಬಂತು. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಅವರಿಗೆ ಆಗ ಎಪ್ಪತ್ತು ದಾಟಿತ್ತು. ಸೆರಗನ್ನು ತಲೆಯ ಮೇಲೆ ಎಳೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಚಪ್ಪಲಿ ಕಳಚಿ ಕಾಲ ಬಳಿ ಇಟ್ಟು, "ಹೂಂ, ನಡಿ ಇನ್ನ" ಅನ್ನುತ್ತಿದ್ದರು. ಮೇಲ್ಛಾವಣಿ ತೆಗೆದ ಆ ಪುಟ್ಟ ಕೆಂಪು ಕಾರು ಸಿಂದಗಿಯ ಬಜಾರಿನಲ್ಲಿ ಹೋಗುವಾಗ ಜನ ನನ್ನನ್ನಲ್ಲ, ಅವರನ್ನು ನೋಡುತ್ತಿದ್ದರು.

ನಾನು ಪಶುವೈದ್ಯೆ. ಕಾರು ನನಗಿಂತ ಹಿರಿಯದು. ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿಯೊಬ್ಬರು ತಮ್ಮ ಹರೆಯದಲ್ಲಿ ಮುಂಬಯಿಯಿಂದ ತಂದದ್ದು. ವಯಸ್ಸಾಗಿ, ಅಷ್ಟು ತಗ್ಗಿನ ಸೀಟಿನಿಂದ ಮೇಲೇಳಲು ಆಗದಾದಾಗ ನನಗೆ ಕೊಟ್ಟರು. ಅವರ ಎಮ್ಮೆಗಳಿಗೆ ನಾನೇ ಔಷಧಿ ಕೊಡುತ್ತಿದ್ದೆ. "ನೀವು ಜ್ವಾಕಿ ಮಾಡ್ತೀರಿ ಅನ್ನೂದು ಗೊತ್ತೈತಿ" ಎಂದು ಕೀಲಿಕೈ ನನ್ನ ಅಂಗೈಯಲ್ಲಿಟ್ಟಿದ್ದರು. ಆ ಮಾತು ಈಗಲೂ ನೆನಪಾಗುತ್ತದೆ.

ಹೋದ ವರ್ಷದ ಮಳೆಗಾಲದಲ್ಲಿ ಅಗರಖೇಡದ ಕಡೆ ಒಂದು ಆಕಳನ್ನು ನೋಡಿ ವಾಪಸು ಬರುತ್ತಿದ್ದೆ. ಟ್ರ್ಯಾಕ್ಟರುಗಳು ಹೊಲದಿಂದ ಎರೆಮಣ್ಣನ್ನು ಡಾಂಬರಿನ ಮೇಲೆ ಹೊತ್ತು ತಂದಿದ್ದವು. ಅದರ ಮೇಲೆ ತುಂತುರು ಬಿದ್ದು ರಸ್ತೆ ಸಾಬೂನು ಹಚ್ಚಿದಂತಾಗಿತ್ತು. ಕಾರಿನ ಹಿಂಭಾಗ ಒಮ್ಮೆಲೇ ಬಲಕ್ಕೆ ಹೊರಳಿತು. ನಿಂತಾಗ ನಾನು ಬಂದ ದಾರಿಯನ್ನೇ ನೋಡುತ್ತಿದ್ದೆ. ಏನೂ ಆಗಿರಲಿಲ್ಲ, ಆದರೆ ಉಳಿದ ದಾರಿಯನ್ನು ಎರಡನೇ ಗೇರಿನಲ್ಲೇ ಬಂದೆ.

ಗಾಲಿ ಬದಲಿಸಬೇಕೆಂದು ಮನೆಯಲ್ಲಿ ಹೇಳುವಾಗ ನಾನು ಕೊಟ್ಟ ಕಾರಣ ಇದು. ಪೂರ್ತಿ ನಿಜವಲ್ಲ. ಅದಕ್ಕೂ ಮೊದಲೇ ಫೋನಿನಲ್ಲಿ ಇಂಥದೇ ಒಂದು ಕಾರಿನ ಚಿತ್ರ ನೋಡಿದ್ದೆ. ಅಗಲವಾದ ಟೈರುಗಳ ಮೇಲೆ ಅದು ಕುಸ್ತಿಗೆ ನಿಂತ ಪೈಲ್ವಾನನಂತೆ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ನನ್ನ ಕಾರಿನ ಸಣಕಲು ಗಾಲಿಗಳು ಕಣ್ಣಿಗೆ ಚುಚ್ಚತೊಡಗಿದವು. ನಾಲ್ಕು ಅಗಲದ ರಿಮ್ಮು, ನಾಲ್ಕು ಟೈರು ತರಿಸಿಯೇ ಬಿಟ್ಟೆ. ತರಿಸಿದ ಮೇಲೆ ಉಸ್ತಾದರನ್ನು ಕೇಳಿದೆ.

ಉಸ್ತಾದರು ಇಂಡಿಯಲ್ಲಿ ಕಾರು ರಿಪೇರಿ ಮಾಡುವವರು. ಆ ವ್ಯಾಪಾರಿಯ ಕಾಲದಿಂದಲೂ ಈ ಕಾರಿಗೆ ಕೈಹಚ್ಚಿದವರು ಅವರೊಬ್ಬರೇ. ನಾನು ಅವರನ್ನು ಚಾಚಾ ಎಂದು ಕರೆಯುತ್ತೇನೆ. ಹೊಸ ಗಾಲಿಯೊಂದನ್ನು ನೆಲದ ಮೇಲೆ ಉರುಳಿಸಿ, ಒಳಮೈಯನ್ನು ಗೇಣು ಹಾಕಿ ಅಳೆದು, ಮತ್ತೊಮ್ಮೆ ಅಳೆದರು.

"ಬ್ಯಾಡ್ರಿ ಅಕ್ಕಾರ," ಎಂದರು ಕೊನೆಗೆ. "ಇದು ಒಳಗ ಭಾಳ ಸರಿತೈತಿ. ಸ್ಟೇರಿಂಗ್ ಪೂರಾ ತಿರುವಿದಾಗ ಎಲ್ಲೆರೆ ತಿಕ್ಕತೈತಿ."

"ಜಾರಬಾರದು ಅಂತ ತರಿಸೇನಿ, ಚಾಚಾ."

"ಕೆಸರಿನ್ಯಾಗ ಅಗಲ ಟೈರ್ ಇನ್ನಾ ಜಾರ್ತೈತ್ರಿ. ಯಾರ್ ಹೇಳಿದ್ರು ನಿಮಗ?"

ಯಾರೂ ಹೇಳಿರಲಿಲ್ಲ. ನಾನು ಹಟ ಹಿಡಿದೆ. ಅವರು ಮಡ್‌ಗಾರ್ಡಿನ ಒಳ ಅಂಚನ್ನು ಬಡಿದು ಮಡಚಿ, ಎರಡು ದಿನ ಕೆಲಸ ಮಾಡಿ ಗಾಲಿ ಕೂರಿಸಿದರು. ಕೀಲಿಕೈ ಕೊಡುವಾಗ ಅದನ್ನು ತಟಕ್ಕನೆ ಬಿಡಲಿಲ್ಲ.

"ಎಂಟು ದಿನಾ ಹೊಡದು ತಿರುಗಿ ತರ್ರಿ. ಇಬ್ಬರು ಕುಂತು, ಪೂರಾ ತಿರುವಿ, ನಾ ಕೆಳಗ ಮಲಗಿ ನೋಡಬೇಕು. ಸಪ್ಪಳಾ ಬಂತಂದ್ರ ಅವತ್ತ ಫೋನ್ ಹಚ್ರಿ. ಮರುದಿನಾ ಅಲ್ಲ."

ಹೂಂ ಅಂದೆ.

ಸದ್ದು ಆ ದಿನವೇ ಬಂತು. ಸಿಂದಗಿಯಲ್ಲಿ ನಮ್ಮ ಓಣಿಗೆ ತಿರುಗುವಲ್ಲಿ ಒಂದು ದಿಬ್ಬವಿದೆ. ಎಡಕ್ಕೆ ತಿರುವುತ್ತ ಅದನ್ನು ಹತ್ತಿದಾಗ ಮುಂದಿನ ಗಾಲಿಯ ಕಡೆಯಿಂದ ಸರ್ರ್ ಎಂದು, ಹಳೆಯ ಸೀರೆ ಹರಿದಂತೆ, ಒಂದು ಕ್ಷಣ ಕೇಳಿತು. ಇಳಿದು ಮಂಡಿಯೂರಿ ಗಾಲಿಯ ಹಿಂದೆ ಕೈ ಹಾಕಿದೆ. ಬೆರಳಿಗೆ ಕಪ್ಪು ಪುಡಿ ಹತ್ತಿತು. ಮಡ್‌ಗಾರ್ಡಿಗೆ ತಾಗಿರಬೇಕು, ಹೊಸ ಟೈರು, ತಾನೇ ಸವೆದು ಸರಿಹೋಗುತ್ತದೆ ಎಂದುಕೊಂಡೆ. ಫೋನ್ ಮಾಡಿದರೆ ಅವರು "ನಾ ಹೇಳಿದ್ದೆ" ಅನ್ನುವುದಿಲ್ಲ; ಆದರೆ ಆ ಮೌನವನ್ನು ಕೇಳಲು ನನಗೆ ಮನಸ್ಸಿರಲಿಲ್ಲ.

ಆಮೇಲೆ ಮೂರು ವಾರ ಆ ಸದ್ದಿನ ಜೊತೆಯಲ್ಲೇ ಓಡಾಡಿದೆ. ನೇರ ದಾರಿಯಲ್ಲಿ ಏನೂ ಇರುತ್ತಿರಲಿಲ್ಲ. ತಿರುವು ಕಂಡರೆ ಸಾಕು, ನನ್ನ ಭುಜಗಳು ಕಿವಿಯವರೆಗೆ ಏರುತ್ತಿದ್ದವು. ಆಸ್ಪತ್ರೆಯಲ್ಲಿ ದನಕ್ಕೆ ಸೂಜಿ ಚುಚ್ಚುವಾಗಲೂ ಎಲ್ಲೋ ಸರ್ರ್ ಎಂದಂತಾಗುತ್ತಿತ್ತು. ಅಂಜಿಕೆ ಇತ್ತು, ಆದರೂ ನಾನು ಕಾರು ನಿಲ್ಲಿಸಲಿಲ್ಲ. ಹೋದಲ್ಲೆಲ್ಲ ಜನ ಗಾಲಿ ನೋಡಿ ತಲೆದೂಗುತ್ತಿದ್ದರು, ಅದು ಬಿಡಿಸಿಕೊಳ್ಳಲಾಗದ ರುಚಿ. ಇನ್ನೂ ಹೇಳಲು ನಾಚಿಕೆಯಾಗುವುದೊಂದಿದೆ: ಅತ್ತೆಯವರು ಪಕ್ಕದಲ್ಲಿದ್ದಾಗ ತಿರುವು ಬಂದರೆ ನಾನು ದನಿ ಏರಿಸಿ ಏನಾದರೂ ಮಾತಾಡುತ್ತಿದ್ದೆ. ಸದ್ದು ಅವರ ಕಿವಿಗೆ ಬೀಳಬಾರದೆಂದು.

ಕಬ್ಬಿನ ಹಂಗಾಮಿನಲ್ಲಿ ಒಂದು ಬೆಳಿಗ್ಗೆ ಅವರ ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಇಬ್ಬರೂ ಮುದ್ದೇಬಿಹಾಳಕ್ಕೆ ಹೊರಟೆವು. ಹೂವಿನ ಹಿಪ್ಪರಗಿಯಲ್ಲಿ ಅತ್ತೆಯವರು ಬಾಳೆಹಣ್ಣು ತೆಗೆದುಕೊಳ್ಳೋಣ ಅಂದರು. ಅಂಗಡಿ ಹಿಂದೆ ಉಳಿದಿತ್ತು. ಇಕ್ಕಟ್ಟಾದ ರಸ್ತೆಯಲ್ಲಿ ಸ್ಟೇರಿಂಗನ್ನು ಕೊನೆಯವರೆಗೆ ತಿರುವಿ, ಹಿಂದಕ್ಕೆ ಮುಂದಕ್ಕೆ ಮಾಡಿ ಕಾರು ಹೊರಳಿಸಿದೆ; ಹಣ್ಣು ಕೊಂಡ ಮೇಲೆ ಮತ್ತೊಮ್ಮೆ ಹಾಗೆಯೇ ಹೊರಳಿಸಿದೆ. ಆ ಸಲ ಸದ್ದು ಉದ್ದವಾಗಿತ್ತು. ಕೊನೆಯಲ್ಲಿ ಟಪ್ ಎಂದು ಸಣ್ಣಗೆ ಏನೋ ಕಡಿದಂತಾಯಿತು. ನಾನು, "ಬಿಸಲು ಭಾಳ ಐತ್ರಿ ಇವತ್ತ," ಎಂದು ಗಟ್ಟಿಯಾಗಿ ಅಂದೆ.

ಊರು ದಾಟಿ ಒಂದಿಷ್ಟು ದೂರ ಹೋದ ಮೇಲೆ ಆಡಿನ ಹಿಂಡೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ನಿಂತಿತು, ಆದರೆ ಪೆಡಲು ಎಂದಿಗಿಂತ ಕೆಳಗೆ ಹೋಗಿ ಮೆತ್ತಗಾಯಿತು. ಆಡು ಹೋದವು. ಆಗ ಇಳಿದು ನೋಡಬೇಕಿತ್ತು. ಇಳಿಯಲಿಲ್ಲ.

ಮುಂದೆ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ಕೆಳಗೆ ಸಣ್ಣ ಸೇತುವೆ, ಒಂದು ಗಾಡಿಗಷ್ಟೇ ಸಲೀಸು. ಆಚೆಯಿಂದ ಎರಡು ಟ್ರಾಲಿ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಆಗಲೇ ಸೇತುವೆ ಏರಿತ್ತು. ವೇಗ ತಗ್ಗಿಸಲು ಬ್ರೇಕಿನ ಮೇಲೆ ಕಾಲಿಟ್ಟೆ. ಕಾಲು ನೆಲ ಮುಟ್ಟಿತು. ಎತ್ತಿ ಮತ್ತೆ ಒತ್ತಿದೆ. ಏನೂ ಇಲ್ಲ. ಖಾಲಿ ಚೀಲದ ಮೇಲೆ ಕಾಲಿಟ್ಟ ಹಾಗೆ.

ಗೇರು ಇಳಿಸಿದೆ, ಇಂಜಿನ್ ಒದರಿತು. ಮತ್ತೊಂದು ಇಳಿಸಿದೆ. ಹ್ಯಾಂಡ್ ಬ್ರೇಕನ್ನು ಎರಡೂ ಕೈಯಿಂದ ಎಳೆಯಬೇಕೆನ್ನಿಸಿತು, ಆದರೆ ಒಂದು ಕೈ ಸ್ಟೇರಿಂಗ್ ಬಿಡುವಂತಿರಲಿಲ್ಲ; ಒಂದೇ ಕೈಯಿಂದ ಎಳೆದೆ. ಹಿಂದಿನ ಗಾಲಿಗಳು ಕಿರ್ರೆಂದವು. ಟ್ರ್ಯಾಕ್ಟರಿನವನ ಬಾಯಿ ತೆರೆದದ್ದು, ಅವನು ಕೈ ಬೀಸಿದ್ದು, ಟ್ರಾಲಿಯ ಪಕ್ಕದಿಂದ ಹೊರಚಾಚಿದ ಕಬ್ಬಿನ ಜಲ್ಲೆಗಳು ನನ್ನ ಮುಖದ ಎತ್ತರಕ್ಕೇ ಇದ್ದದ್ದು, ಎಲ್ಲ ಸ್ಪಷ್ಟವಾಗಿ ಕಂಡವು. ಸೇತುವೆಗೆ ಇನ್ನೇನು ಹತ್ತು ಮಾರು ಅನ್ನುವಾಗ ಎಡಕ್ಕೆ ಎಳೆದೆ. ಕಾರು ರಸ್ತೆ ಬಿಟ್ಟು ಕಲ್ಲಿನ ಒಡ್ಡಿಗೆ ಬಡಿದು, ಅದನ್ನು ಹಾರಿ, ತೊಗರಿ ಹೊಲದೊಳಗೆ ನುಗ್ಗಿ ನಿಂತಿತು. ಒಡ್ಡಿಗೆ ಬಡಿದಾಗಲೇ ಮುಂದಿನ ಟೈರು ಗುಂಡು ಹಾರಿದಂತೆ ಒಡೆದಿತ್ತು.

ಧೂಳು ಇಳಿಯುವವರೆಗೂ ನಾನು ಎಡಕ್ಕೆ ತಿರುಗಿ ನೋಡಲಿಲ್ಲ. ಅಲ್ಲಿ ಏನು ಕಾಣಬಹುದು ಎಂಬ ಅಂಜಿಕೆ. ಸೆರಗು ಜಾರಿತ್ತು, ಬಾಳೆಹಣ್ಣು ಮಡಿಲಲ್ಲಿ ಅಪ್ಪಚ್ಚಿಯಾಗಿತ್ತು. ಅತ್ತೆಯವರು ಒಂದು ಕೈಯಿಂದ ಇನ್ನೊಂದು ಭುಜವನ್ನು ಹಿಡಿದುಕೊಂಡು ನೇರವಾಗಿ ಮುಂದೆ ನೋಡುತ್ತಿದ್ದರು.

"ಅತ್ತೀ... ಅತ್ತೀ, ಏನಾತ್ರಿ?"

"ಹೆಗಲಾ ನೋಯಾಕತ್ತೈತಿ. ನಿನಗ?"

ನನಗೆ ಏನೂ ಆಗಿರಲಿಲ್ಲ. ಟ್ರ್ಯಾಕ್ಟರಿನವನು ಓಡಿ ಬಂದು, ಬಾಗಿಲನ್ನು ಜಗ್ಗಿ ತೆಗೆದು, ಅವರನ್ನು ಮೆಲ್ಲಗೆ ಎತ್ತಿ ಒಡ್ಡಿನ ಮೇಲೆ ಕೂರಿಸಿದ. ನೀರು ಕೊಟ್ಟ. ಬಸವನಬಾಗೇವಾಡಿಯ ಕಡೆ ಹೊರಟಿದ್ದ ಒಂದು ಪಿಕಪ್ಪನ್ನು ಕೈಮಾಡಿ ನಿಲ್ಲಿಸಿ ನಮ್ಮನ್ನು ಹತ್ತಿಸಿದವನೂ ಅವನೇ. ನಾನು ಅವನಿಗೆ ಏನು ಹೇಳಿದೆನೋ, ಹೇಳಿದೆನೋ ಇಲ್ಲವೋ, ನೆನಪಿಲ್ಲ.

ಬಾಗೇವಾಡಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕತ್ತಿನ ಕೆಳಗಿನ ಎಲುಬು ಬಿರುಕು ಬಿಟ್ಟಿತ್ತು. ಕೈಯನ್ನು ಎದೆಗೆ ಬಿಗಿದು ಬಟ್ಟೆ ಕಟ್ಟಿ, ತಲೆಗೆ ಪೆಟ್ಟು ಬಿದ್ದಿರಬಹುದೆಂದು ಸಂಜೆಯವರೆಗೆ ಅಲ್ಲೇ ಇರಲು ಹೇಳಿದರು. ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೂ ಎದ್ದು ಹೋಗಿ ಉಸಿರು ನೋಡುತ್ತಿದ್ದೆ. ದನಗಳ ಉಸಿರು ಎಣಿಸುವುದು ನನ್ನ ಕೆಲಸ. ಆ ದಿನ ಅವರ ಉಸಿರು ಎಣಿಸಲು ಹೋಗಿ ಲೆಕ್ಕ ತಪ್ಪುತ್ತಿತ್ತು.

ಒಮ್ಮೆ ಅವರು ಕಣ್ಣು ಬಿಟ್ಟು ಕೇಳಿದರು: "ಆ ಸರ್ ಸರ್ ಅಂತಿತ್ತಲ್ಲ ಯವ್ವಾ, ಅದರದ್ದ ಏನು ಇದು?"

"ನಿಮಗ ಕೇಳಸ್ತಿತ್ತೇನ್ರಿ?"

"ಕೇಳದ ಏನು? ನನ್ನ ಕಾಲ ಕೆಳಗ ಬರ್ತಿತ್ತು. ನಿನಗ ಗೊತ್ತಿರ್ತೈತಿ, ಗೊತ್ತಿದ್ದ ಹೊಡ್ಯಾಕತ್ತೀ ಅಂತ ಸುಮ್ನ ಕುಂತಿದ್ದೆ."

ಅವರ ಮಂಚದ ಅಂಚು ಹಿಡಿದು ಎಲ್ಲವನ್ನೂ ಹೇಳಿದೆ. ಉಸ್ತಾದರು ಬೇಡ ಅಂದದ್ದು, ತಿರುಗಿ ತರಲು ಹೇಳಿದ್ದು, ನಾನು ಒಯ್ಯದೇ ಇದ್ದದ್ದು, ತಿರುವಿನಲ್ಲಿ ಬೇಕಂತಲೇ ಗಟ್ಟಿ ಮಾತಾಡಿದ್ದು. ಅವರು ಬೈಯಲಿಲ್ಲ. ಕಟ್ಟದೆ ಉಳಿದಿದ್ದ ಕೈಯನ್ನು ನನ್ನ ಕೈಯ ಹತ್ತಿರದಿಂದ ಮೆಲ್ಲಗೆ ಸರಿಸಿಕೊಂಡು ಹೊಟ್ಟೆಯ ಮೇಲಿಟ್ಟುಕೊಂಡರು. ಸಂಜೆ ನನ್ನ ಗಂಡನ ಜೊತೆ ಮನೆಗೆ ಮರಳಿದೆವು.

ಮರುದಿನ ಉಸ್ತಾದರು ಇಂಡಿಯಿಂದ ಬಂದರು. ಹೊಲದಲ್ಲಿ ಜಾಕ್ ಏರಿಸಿ ಕಾರಿನ ಕೆಳಗೆ ಮಲಗಿ, ಬೆರಳಿನಷ್ಟು ದಪ್ಪದ ಒಂದು ರಬ್ಬರ್ ಪೈಪನ್ನು ಕಿತ್ತು ನನ್ನ ಕೈಗೆ ಕೊಟ್ಟರು. ಒಂದು ಮಗ್ಗುಲು ಚಾಕುವಿನಿಂದ ಕೆರೆದಂತೆ ಸವೆದು, ನಡುವೆ ಸೀಳಿತ್ತು. ಟೈರು ತಿಕ್ಕಿದ್ದು ಮಡ್‌ಗಾರ್ಡಿಗಲ್ಲ, ಬ್ರೇಕಿನ ಎಣ್ಣೆ ಹೋಗುವ ಈ ಪೈಪಿಗೆ. ಹಳೆಯ ಕಾಲದ ಕಾರು, ನಾಲ್ಕೂ ಗಾಲಿಗೆ ಒಂದೇ ಕಡೆಯಿಂದ ಎಣ್ಣೆ. ಒಂದು ಕಡೆ ಸೋರಿದರೆ ಎಲ್ಲ ಹೋಯಿತು.

"ಸಪ್ಪಳಾ ಯಾವಾಗಿಂದ ಇತ್ರಿ?" ಎಂದು ಕೇಳಿದರು.

"ಮೊದಲನೇ ದಿನದಿಂದ."

ಅವರು ಕೈಯೊರೆಸಿಕೊಳ್ಳುವುದನ್ನು ನಿಲ್ಲಿಸಿದರು. "ನಂದೂ ತಪ್ಪೈತ್ರಿ. ಪೂರಾ ತಿರುವಿ ನೋಡದ ಕೀಲಿಕೈ ಕೊಡಬಾರದಿತ್ತು. ನಿಮ್ಮ ಯಜಮಾನ್ರ ಫೋನ್ ಬಂದಾಗ, ಅಮ್ಮಾರು ಹೋಗೇ ಬಿಟ್ರು ಅಂತ ತಿಳಕೊಂಡೆ. ಕೈಕಾಲು ಆಡಲಿಲ್ಲ." ಅರವತ್ತೈದರ ಮನುಷ್ಯ ನನ್ನ ಹಟಕ್ಕಾಗಿ ಹೀಗೆ ತಪ್ಪು ಒಪ್ಪಿಕೊಳ್ಳುವುದನ್ನು ನೋಡಲಾಗಲಿಲ್ಲ.

ಅವರು ಹಳೆಯ ಸಣಕಲು ಗಾಲಿಗಳನ್ನೇ ಹಾಕಿದರು, ಎಲ್ಲ ಪೈಪುಗಳನ್ನೂ ಹೊಸದಾಗಿ ಕೂರಿಸಿದರು. ಈ ಸಲ ನನ್ನನ್ನೂ ನನ್ನ ಗಂಡನನ್ನೂ ಕಾರಿನಲ್ಲಿ ತುರುಕಿ, ಸ್ಟೇರಿಂಗ್ ಆ ಕಡೆ ಈ ಕಡೆ ಪೂರಾ ತಿರುವಿಸಿ, ಟಾರ್ಚ್ ಹಿಡಿದು ಕೆಳಗೆ ಮಲಗಿ ಅರ್ಧ ತಾಸು ನೋಡಿದ ಮೇಲೆಯೇ ಕೀಲಿಕೈ ಕೊಟ್ಟದ್ದು. ಅಗಲದ ಗಾಲಿಗಳನ್ನು ಗುಜರಿಗೆ ಹಾಕಿಸಿದೆ. ಇನ್ನೊಬ್ಬರಿಗೆ ಮಾರಲು ಧೈರ್ಯ ಬರಲಿಲ್ಲ.

ಎಲುಬು ಕೂಡಲು ಎರಡು ತಿಂಗಳಾಯಿತು. ಅಷ್ಟು ದಿನ ಅತ್ತೆಯವರ ತಲೆ ಬಾಚಿದ್ದು, ಸೀರೆ ಉಡಿಸಿದ್ದು ನಾನೇ. ಮೊದಲ ವಾರ ಅವರು ಬೇಕು, ಬೇಡ ಅಷ್ಟೇ ಅನ್ನುತ್ತಿದ್ದರು. ಆಮೇಲೆ ಮಾತು ಮೊದಲಿನಂತಾಯಿತು. ಆದರೆ ಮಗುವನ್ನು ನೋಡಲು ಮುದ್ದೇಬಿಹಾಳಕ್ಕೆ ಹೋಗುವ ಮಾತು ಬಂದಾಗ ನಾನು ಕೀಲಿಕೈ ಹಿಡಿದು ಅಂಗಳಕ್ಕೆ ಬಂದರೆ, ಅವರು ಕೈಚೀಲ ತಗುಲಿಸಿಕೊಂಡು ಕಾರಿನ ಪಕ್ಕದಿಂದ ದಾಟಿ ಹೊರಟರು.

"ನಾ ಬಸ್ಸಿಗೆ ಹೋಗ್ತೇನಿ."

"ಎಲ್ಲಾ ಸರಿಯಾಗೇತ್ರಿ ಅತ್ತೀ. ಚಾಚಾ ನೋಡ್ಯಾರ. ಇನ್ನೂ ಸಿಟ್ಟೈತೇನ್ರಿ?"

"ಸಿಟ್ಟು ಇಲ್ಲ ಬೇ," ಎಂದರು, ನನ್ನ ಮುಖವನ್ನೇ ನೋಡುತ್ತ. "ಅಂಜಿಕಿ ಐತಿ. ಗಾಡಿದ್ದಲ್ಲ."

ನಾನು ಕೀಲಿಕೈಯನ್ನು ಮೊಳೆಗೆ ಹಾಕಿ ಬಂದು ಅವರ ಕೈಯಿಂದ ಚೀಲ ತೆಗೆದುಕೊಂಡೆ. ಅವರು ಬಿಟ್ಟುಕೊಟ್ಟರು. ಇಬ್ಬರೂ ನಡೆದುಕೊಂಡು ಬಸ್ ನಿಲ್ದಾಣಕ್ಕೆ ಹೋದೆವು.