ಕಡಿಮೆ ಅಂಕ ಬೇಡಿದ ತಂದೆ

ಮೊದಲಿಗೆ ವಾಗ್ದೇವಿಗೆ ನಮಸ್ಕಾರ. ನಸುಕಿನಲ್ಲಿ ಎಬ್ಬಿಸಿ ಸಂಸ್ಕೃತದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ, ಒಮ್ಮೆಯೂ ಅಂಕ ಕೊಡದ ನನ್ನ ತಂದೆಯವರಿಗೆ ಸಾಷ್ಟಾಂಗ ಪ್ರಣಾಮ. ಅವರ ಕೃಪೆಯಿಂದ ನಾನು ಎಷ್ಟು ಕಲಿತೆನೆಂಬುದು ಇಂದಿಗೂ ಯಾರಿಗೂ ತಿಳಿದಿಲ್ಲ.

ಎಂಬತ್ತರ ದಶಕದಲ್ಲಿ ನಾನು ಕುಂದಗೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಇರುವುದು ವಿದ್ಯೆಯನ್ನು ಅಳೆಯಲೆಂದು ನಂಬಿದವನು ಆ ಸೀಮೆಯಲ್ಲಿ ಬಹುಶಃ ನಾನೊಬ್ಬನೇ. ಊರು ಅದರಿಂದ ವಧೂವರರನ್ನು ಅಳೆಯುತ್ತಿತ್ತು. ಹಿಂದೆ ಕನ್ಯೆ ನೋಡಲು ಬಂದವರು ಹಾಡು ಹೇಳಿಸುತ್ತಿದ್ದರು, ನಡೆಸಿ ನೋಡುತ್ತಿದ್ದರು. ಈಗ ಅವಲಕ್ಕಿ ತಿನ್ನುತ್ತ ಮಾರ್ಕ್ಸ್ ಕೇಳುತ್ತಿದ್ದರು. ಕನ್ಯೆ ಪಾಸಾಗಿರಬೇಕು; ಆದರೆ ವರನಿಗಿಂತ ಹೆಚ್ಚು ಪಾಸಾಗಿರಬಾರದು. ಈ ಸೂಕ್ಷ್ಮವನ್ನು ಪ್ರಶ್ನೆಪತ್ರಿಕೆ ತೆಗೆಯುವ ಮಹನೀಯರು ಗಮನಿಸಿರಲಿಲ್ಲ.

ಒಂದು ಸಂಜೆ ಕುಬಿಹಾಳದ ರೈತರೊಬ್ಬರು ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತರು. ಅವರ ಮಗಳು ನನ್ನ ಶಿಷ್ಯೆ, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಮಾತು ನಡೆದಿದ್ದ ಯರಗುಪ್ಪಿಯ ವರನು ಅದೇ ಪರೀಕ್ಷೆಗೆ ಮೂರು ಸಲ ಕುಳಿತು ದಡ ಸೇರಿದವನು.

"ಗುರುಗಳ, ಮಾರ್ಕ್ಸ್ ಒಂದೀಟು ಇಳಿಸಿ ಕೊಡಾಕ ಬರತೈತೇನ್ರಿ? ಪಾಸಿನಷ್ಟ ಇದ್ರ ಸಾಕು."

ಏರಿಸಿರೆಂದು ಬಂದವರನ್ನು ಗದರಿಸಿ ಕಳಿಸುವ ರೂಢಿ ನನಗಿತ್ತು. ಇಳಿಸಿರೆಂದವರಿಗೆ ಯಾವ ಶಾಸ್ತ್ರದಲ್ಲೂ ಉತ್ತರ ಸಿಗಲಿಲ್ಲ. ಹುಡುಗಿಗೋ ಧಾರವಾಡದಲ್ಲಿ ಎರಡು ವರ್ಷದ ಶಿಕ್ಷಕರ ತರಬೇತಿಗೆ ಸೇರುವ ಆಸೆ. ಸಂಬಂಧ ಉಳಿಯಬೇಕಾದರೆ ಅಂಕ ಇಳಿಯಬೇಕು. ಅಂಕ ಇಳಿದರೆ ತರಬೇತಿ ಇಲ್ಲ. ಅದು ನನ್ನ ಕೈಯಲ್ಲಿಲ್ಲವೆಂದೆ. ಹಾಗಾದರೆ ವರನ ಕಡೆಯವರು ನೋಡಲು ಬರುವ ದಿನ ನಮ್ಮ ಬಾಜೂಕಾದರೂ ಕುಳಿತಿರಿ ಎಂದು ಕೇಳಿಕೊಂಡರು.

ಕುಳಿತೆ. ವರನ ಅಜ್ಜಿಯೇ ಮಾರ್ಕ್ಸಿನ ಮಾತು ತೆಗೆದರು. ಹುಡುಗಿಯ ತಂದೆ ಕೆಮ್ಮಿದರು. ಹುಡುಗಿ ತಲೆ ತಗ್ಗಿಸಿಯೇ ಇದ್ದದ್ದನ್ನು ಇದ್ದಂತೆ ಹೇಳಿ, ತರಬೇತಿಯ ಮಾತನ್ನೂ ಸೇರಿಸಿದಳು. ವರನು ಚಹಾದ ಬಸಿಯೊಳಗೆ ಏನನ್ನೋ ಹುಡುಕತೊಡಗಿದ. ಅಜ್ಜಿ ನನ್ನತ್ತ ತಿರುಗಿದರು.

"ಮಾಸ್ತರ, ಆಕಿ ಹತ್ತನೇ ಇಯತ್ತಾ ಎಷ್ಟ ವರ್ಷ ಓದ್ಯಾಳ್ರಿ?"

ಒಂದೇ ವರ್ಷ ಎಂದೆ.

"ನಮ್ಮಾಂವ ಮೂರು ವರ್ಷ ಓದ್ಯಾನ. ಹಂಗಾದ್ರ ಹೆಚ್ಚಿಗಿ ಓದಿದಾಂವ ನಮ್ಮಾಂವನ ಆತು. ಆಕಿ ಇನ್ನೆರಡು ವರ್ಷ ಓದಲಿ, ಸರಿಸಮ ಆಗತೈತಿ."

ತರ್ಕಶಾಸ್ತ್ರವನ್ನು ಅಲ್ಪಸ್ವಲ್ಪ ಓದಿದವನು ನಾನು. ಆ ವಾದದಲ್ಲಿ ದೋಷ ಹುಡುಕುವುದು ಅಂದು ಅಧರ್ಮವೆನಿಸಿತು. ತರಬೇತಿ ಮುಗಿದ ಬೇಸಿಗೆಯಲ್ಲಿ ನಾನೂ ಅಕ್ಷತೆ ಹಾಕಿ ಬಂದೆ.

ಅಂಕ ಇಳಿಸಬಯಸಿದ ಆ ತಂದೆಗೆ, ಇಳಿಸಗೊಡದ ಮಗಳಿಗೆ, ಮೂರು ವರ್ಷದ ವಿದ್ವಾಂಸನಾದ ಅಳಿಯನಿಗೆ, ಲೆಕ್ಕ ಸರಿದೂಗಿಸಿದ ಅಜ್ಜಿಗೆ, ಇದಾವುದನ್ನೂ ಅರಿಯದೆ ಉತ್ತರಪತ್ರಿಕೆ ತಿದ್ದಿದ ಪುಣ್ಯಾತ್ಮರಿಗೆ ಭಗವಂತನು ಸನ್ಮಂಗಳವನ್ನುಂಟುಮಾಡಲಿ.