ಭಂಡಾರ ಎತ್ತದವಳು

ನಮ್ಮ ಮಾಲಕ ನ್ಯಾಯ ಅನ್ನುವ ಮಾತನ್ನು ಬಾಯಿ ತುಂಬ ಆಡುತ್ತಿದ್ದನಲ್ಲ, ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಮಹಾರಾಷ್ಟ್ರದ ಇಚಲಕರಂಜಿಗೆ ಹತ್ತಿದ ಕಬನೂರಿನ ಒಂದು ಮಗ್ಗದ ಕಾರಖಾನೆಯಲ್ಲಿ ನಾನು ಕಾಂಡಿ ತುಂಬುತ್ತಿದ್ದೆ. ಮಗ್ಗದ ಲಾಳಿಯೊಳಗೆ ಕೂಡುವ ಸಣ್ಣ ಕಡ್ಡಿಗೆ ನೂಲು ಸುತ್ತುವ ಕೆಲಸ. ಪಕ್ಕದ ಮಶೀನಿನಲ್ಲಿ ನಿಪ್ಪಾಣಿ ಕಡೆಯ ಅಕ್ಕ. ಗಂಡ ತೀರಿಕೊಂಡ ಮೇಲೆ ಆ ಮಶೀನಿನ ಮೇಲೆಯೇ ಮನೆ ನಡೆಸುತ್ತಿದ್ದಳು. ಬೌದ್ಧ ಮನೆತನದವಳು, ದೇವರು ದಿಂಡರನ್ನು ನಂಬುವುದಿಲ್ಲವೆಂದು ಪ್ರತಿಜ್ಞೆ ಮಾಡಿದವಳು. ನಾನೋ ಎಲ್ಲವ್ವನ ಒಕ್ಕಲು, ಹಣೆತುಂಬ ಭಂಡಾರ, ಅಂದರೆ ದೇವರ ಅರಿಶಿನ. ಆದರೂ ಇಬ್ಬರದೂ ಒಂದೇ ಡಬ್ಬಿಯ ಊಟ. ಅವಳು ನನ್ನ ಹಣೆ ನೋಡಿ ನಕ್ಕವಳಲ್ಲ, ನಾನು ಅವಳನ್ನು ಗುಡಿಗೆ ಎಳೆದವಳಲ್ಲ.

ಒಂದು ಬೆಳಿಗ್ಗೆ ಗೋದಾಮಿನಲ್ಲಿದ್ದ ನೂಲಿನ ಚೀಲವೊಂದು ಕಾಣಲಿಲ್ಲ. ಕಾರಖಾನೆಯ ಉಸ್ತುವಾರಿ ನೋಡುವ ದಿವಾಣಜಿ ಬೊಬ್ಬೆ ಹಾಕಿದ. ಕ್ಯಾಮೆರಾ ಇತ್ತು, ಇಲ್ಲವೆಂದಲ್ಲ. ಅದು ನಾವು ಎಷ್ಟು ಸಲ ಎದ್ದು ಹೋಗುತ್ತೇವೆ ಎಂದು ನೋಡುವುದಕ್ಕೆ, ಗೋದಾಮಿನ ಬಾಗಿಲಿಗಲ್ಲ. ಹಾಗಾಗಿ ಮಾಲಕ ನಮ್ಮ ಕಡೆಯ ಹಳೆಯ ದಾರಿ ಹಿಡಿದ. ಹಿತ್ತಾಳೆ ತಾಟಿನಲ್ಲಿ ಭಂಡಾರ ತರಿಸಿ ಸ್ಟೂಲಿನ ಮೇಲೆ ಇಡಿಸಿದ. ಒಂದು ಚಿಟಿಕೆ ಎತ್ತಿ 'ನಾ ಕದ್ದಿಲ್ಲ' ಅನ್ನಬೇಕು. ಸುಳ್ಳು ಆಣೆ ಮಾಡಿದವರ ಮನೆ ಉಳಿಯುವುದಿಲ್ಲವೆಂಬ ಭಯ ನಮ್ಮೆಲ್ಲರ ರಕ್ತದಲ್ಲಿದೆ.

“ಸಗಳ್ಯಾಂನಾ ಸಾರಖಾ ನ್ಯಾಯ,” ಅಂದ ಮಾಲಕ. “ಎಲ್ಲಾರಿಗೂ ಒಂದ ನ್ಯಾಯ. ಎತ್ತಿದಾವ್ರು ಸಾಚಾ, ಎತ್ತದಾವ್ರು ಕಳ್ಳರು.”

ಒಬ್ಬೊಬ್ಬರಾಗಿ ಎತ್ತಿದರು. ನಾನೂ ಎತ್ತಿದೆ. ಅಕ್ಕನ ಪಾಳಿ ಬಂದಾಗ ಅವಳು ಕೈಕಟ್ಟಿ ನಿಂತಳು.

“ನಾ ಕದ್ದಿಲ್ರಿ. ಆದ್ರ ಭಂಡಾರ ಎತ್ತಂಗಿಲ್ಲ. ನಂಬದ ದೇವರ ಮ್ಯಾಲ ಆಣಿ ಮಾಡಿದ್ರ ಅದ ಸುಳ್ಳ ಆಕ್ಕೈತಿ.”

“ಏ, ಅರಿಷಿಣ ಐತಿ ಬರೇ,” ಅಂದ ದಿವಾಣಜಿ. “ಮುಟ್ಟಿದ್ರ ಕೈ ಸವೀತೈತೇನ?”

ನನ್ನ ಪಿತ್ತ ನೆತ್ತಿಗೇರಿತು. “ಬರೇ ಅರಿಷಿಣ ಇದ್ರ ನಮ್ಮ ಕಡಿಂದ ಯಾಕ್ರಿ ಎತ್ತಿಸಿದ್ರಿ? ಗೋದಾಮಿನ ಕೀಲಿ ನಿಮ್ಮ ಸೊಂಟದಾಗ ಐತಿ. ಮೊದಲ ನೀವ ಎತ್ರಿ. ಮಾಲಕರೂ ಎತ್ತಲಿ. ಎಲ್ಲಾರಿಗೂ ಒಂದ ನ್ಯಾಯ ಅಲ್ರಿ?”

“ತಲಿಗಿಲಿ ಕೆಟ್ಟೈತೇನ ನಿಂದು?” ಮಾಲಕ ಗದರಿದ. “ನಾವು ಎತ್ತೂದೇನ?” ಅಕ್ಕನ ಕಡೆ ತಿರುಗಿ, “ಕಳ್ಳಿ ಯಾರಂತ ಗೊತ್ತಾತು. ನಾಳಿಂದ ಬರಬ್ಯಾಡ,” ಅಂದ.

ಇದು ಯಾವ ಸೀಮೆಯ ನ್ಯಾಯ? ಎಲ್ಲರ ಮುಂದೆ ಒಂದೇ ತಾಟು ಇಟ್ಟ ಮಾತ್ರಕ್ಕೆ ಎಲ್ಲರನ್ನೂ ಸಮನಾಗಿ ಕಂಡಂತಾಯಿತೇ? ನನಗೆ ಎಲ್ಲವ್ವ ತಾಯಿ, ಭಂಡಾರ ನನ್ನ ಜೀವ. ಆ ಭಂಡಾರವನ್ನು ದಿವಾಣಜಿಯ ಪೊಲೀಸ್ ಮಾಡಿದರಲ್ಲ, ಥೂ! ಅಕ್ಕನಲ್ಲಿ ಒಂದು ಚೂರು ಅಪ್ರಾಮಾಣಿಕತೆ ಇದ್ದಿದ್ದರೆ ಚಿಟಿಕೆ ಎತ್ತಿ, ಕೈ ಒರೆಸಿಕೊಂಡು ಮಶೀನಿಗೆ ಮರಳುತ್ತಿದ್ದಳು. ಸುಳ್ಳು ಹೇಳಲಾರೆ ಅಂದದ್ದಕ್ಕೇ ಅವಳು ಕಳ್ಳಿಯಾದಳು.

ಕಬನೂರಿನಲ್ಲಿ ಮಾತಿಗೆ ಕಾಲು ಬಂದವು. ಅವಳು ಕೆಲಸ ಕೇಳಲು ಹೋದ ಕಡೆಯಲ್ಲೆಲ್ಲ ಅವಳಿಗಿಂತ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು. “ಗಡಹಿಂಗ್ಲಜದಾಗಿನ ತಂಗಿ ಮನಿಗೆ ಹೋಗಿಬಿಡ್ಲೇನ ನಾ?” ಎಂದು ಒಂದು ಸಂಜೆ ಕೇಳಿದಳು. “ಹೋದಿ ಅಂದ್ರ ಕದ್ದ ಓಡಿ ಹೋದ್ಲು ಅಂತಾರ. ಹೋಗಬ್ಯಾಡ,” ಅಂದೆ. ಹೇಳುವುದು ಸುಲಭ. ಅವಳ ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿತ್ತು.

ಮುಂದಿನ ವಾರ ಟೆಂಪೋದವನು ಬಂದು ಅದೇ ಚೀಲವನ್ನು ನಮ್ಮೆಲ್ಲರ ಕಣ್ಣೆದುರೇ ಇಳಿಸಿದ. ಮಾಲಕನ ಅಳಿಯನ ಕಾರಖಾನೆಗೆ ದಿವಾಣಜಿಯೇ ಕಳಿಸಿ ಮರೆತುಬಿಟ್ಟಿದ್ದನಂತೆ. ಮರೆತಿದ್ದನಂತೆ! ಅವನನ್ನು ಯಾರೂ ಕಳ್ಳ ಅನ್ನಲಿಲ್ಲ. ಎಲ್ಲರೂ ಮಶೀನಿಗೆ ಹೋದರು, ಅವನು ಚಹಾ ತರಿಸಿಕೊಂಡ.

ಮಾಲಕ ನನ್ನ ಕೈಯಲ್ಲೇ ಹೇಳಿ ಕಳಿಸಿ ಅಕ್ಕನನ್ನು ಕರೆಸಿದ. ಕೇಬಿನ್ನಿಗೆ ನಾನೂ ಜೊತೆಗೆ ಹೋದೆ. ಅವನು ಬಾಗಿಲು ಹಾಕಿದ.

“ಆಗಿದ್ದ ಆಗಿ ಹೋತು, ಮರತ ಬಿಡ. ನಾಳಿಂದ ಕೆಲಸಕ್ಕ ಬಾ.”

“ಬರತೇನ್ರಿ. ಕಳ್ಳಿ ಅಂತ ಎಲ್ಲಾರ ಮುಂದ ಅಂದಿದ್ರಿ. ಕಳ್ಳಿ ಅಲ್ಲಂತನೂ ಎಲ್ಲಾರ ಮುಂದ ಹೇಳ್ರಿ.”

“ನನ್ನ ಮನಸಿನ್ಯಾಗ ಏನೂ ಇರಲಿಲ್ಲ ನೋಡವಾ. ಬೇಕಾದ್ರ ಭಂಡಾರ ಮುಟ್ಟಿ ಹೇಳ್ತೇನಿ,” ಎನ್ನುತ್ತ ಅವನು ದೇವರ ಫೋಟೋದ ಮುಂದಿದ್ದ ಬಟ್ಟಲಿಗೆ ಕೈ ಹಾಕಿದ.

“ಭಂಡಾರ ಬ್ಯಾಡ್ರಿ ಮಾಲಕರ,” ಅಂದಳು ಅಕ್ಕ. “ಬಾಗಲಾ ತಗದು ಆಕಿ ಕದ್ದಿಲ್ಲ ಅನ್ರಿ, ಸಾಕ.”

ಅವನ ಬೆರಳಿಗೆ ಅರಿಶಿನ ಹತ್ತಿತ್ತು. ಆ ಕೈ ಬಾಗಿಲಿನವರೆಗೆ ಹೋಗಲಿಲ್ಲ. ಕೊನೆಗೆ ಅಕ್ಕನೇ ಬಾಗಿಲು ತೆರೆದು, ತನ್ನ ಮಶೀನಿನ ಕಡೆ ನೋಡದೆ, ಗೇಟಿನತ್ತ ನಡೆದಳು. ನಾನು ನನ್ನ ಡಬ್ಬಿ ಎತ್ತಿಕೊಂಡು ಅವಳ ಹಿಂದೆ ಹೋದೆ.