ಕಾವಿಗೆ ಕೂತ ಹರಕೆಯ ಕೋಳಿ

ಕೋಳಿಯ ಬಣ್ಣದಿಂದಲೇ ನಮ್ಮ ಮನೆಯಲ್ಲಿ ತಕರಾರು ಶುರುವಾಗುತ್ತದೆ. ಅದು ಕೆಂಪು ಕೋಳಿ, ಕತ್ತಿನ ಸುತ್ತ ಮಾತ್ರ ಕಪ್ಪು ಚುಕ್ಕೆ ಎಂದು ನನ್ನ ನೆನಪು. ಮೈತುಂಬ ಚುಕ್ಕೆಯಿತ್ತು ಎಂದು ಅತ್ತೆ. ನಾದಿನಿಯನ್ನು ಕೇಳಿದರೆ, "ಬಾಣಂತಿಗೆ ಬಣ್ಣ ಎಲ್ಲಿ ಕಾಣತಾವ? ನನಗ ಅದರ ಕೊರ್ ಕೊರ್ ಅಷ್ಟ ಗೊತ್ತು" ಎನ್ನುತ್ತಾಳೆ. ಇದೆಲ್ಲ ಕಳೆದ ವರ್ಷದ ಸಂಗತಿ. ದಿನಚರಿ ಬರೆಯುವ ಅಭ್ಯಾಸ ನನಗಿದೆ. ಆದರೆ ಆ ವಾರಗಳ ಪುಟ ತೆಗೆದರೆ ‘ಹಾಲು ಒಡೆಯಿತು’, ‘ಕಾಲೇಜಿನಲ್ಲಿ ಮೀಟಿಂಗ್’ ಎಂದಿದೆಯೇ ಹೊರತು ಕೋಳಿಯ ಸುದ್ದಿಯೇ ಇಲ್ಲ. ಧಾರವಾಡದಲ್ಲಿ ಎಂ.ಎ. ಓದಿ ಬಂದವಳಿಗೆ ಯಾವುದನ್ನು ಬರೆದಿಡಬೇಕು ಎಂಬುದು ಇನ್ನೂ ತಿಳಿದಿಲ್ಲ. ಹಾಗಾಗಿ ಇದನ್ನು ಅರ್ಧ ನೆನಪಿನಿಂದ, ಅರ್ಧ ಮನೆಯವರ ಜಗಳದಿಂದ ಕೂಡಿಸಿ ಬರೆಯುತ್ತಿದ್ದೇನೆ.

ಮೊದಲು ಮನೆಯ ಪದ್ಧತಿ ಹೇಳಬೇಕು. ಗೋಕಾಕದ ನಮ್ಮ ಮನೆಯ ಹಿತ್ತಲಲ್ಲಿ ಅತ್ತೆ ನಾಲ್ಕಾರು ಕೋಳಿ ಸಾಕಿದ್ದಾರೆ. ವಾರದ ಉಳಿದ ದಿನಗಳ ಮೊಟ್ಟೆ ನಮಗೆ, ರವಿವಾರ ಇಟ್ಟ ಮೊಟ್ಟೆ ದೇವರಿಗೆ. ಇದು ಅವರ ಅತ್ತೆಯ ಕಾಲದಿಂದ ಬಂದ ಕಟ್ಟಳೆ. ರವಿವಾರದ ಮೊಟ್ಟೆಗಳನ್ನು ಹುಲ್ಲು ಹಾಸಿದ ಬುಟ್ಟಿಯಲ್ಲಿ ಬೇರೆಯಾಗಿಟ್ಟು, ಮುಂದಿನ ರವಿವಾರ ಚರ್ಚಿಗೆ ಒಯ್ದು ಒಪ್ಪಿಸಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಶನಿವಾರ ಇಡಬೇಕಾದದ್ದನ್ನು ಕೋಳಿ ತಡಮಾಡಿ ರವಿವಾರ ಇಟ್ಟರೆ ಅದು ಯಾರ ಪಾಲು ಎಂದು ಕೇಳಿದ್ದೆ.

"ಕೋಳಿ ಯಾವತ್ತ ಇಡತೈತಿ ಅವತ್ತಿಂದು. ಅದು ಸುಳ್ಳ ಹೇಳಂಗಿಲ್ಲ. ಹೇಳಾವರು ನಾವು" ಎಂದಿದ್ದರು ಅತ್ತೆ.

ಇನ್ನೊಂದು ಪದ್ಧತಿ ಸುಗ್ಗಿ ಹಬ್ಬದ್ದು. ವರ್ಷಕ್ಕೊಂದು ರವಿವಾರ ಚರ್ಚಿನ ಸಭೆಯ ಪ್ರತಿ ಮನೆಯವರೂ ತಾವು ಬೆಳೆದದ್ದು, ಸಾಕಿದ್ದು ತಂದು ದೇವರ ಮುಂದೆ ಇಡುತ್ತಾರೆ. ಕಬ್ಬು, ಗೋವಿನಜೋಳ, ಬೆಲ್ಲ, ಕುಂಬಳಕಾಯಿ, ಕೋಳಿ. ಆರಾಧನೆ ಮುಗಿದ ಮೇಲೆ ಅದೆಲ್ಲದರ ಸವಾಲು ನಡೆಯುತ್ತದೆ. ಹೆಚ್ಚಿಗೆ ಕೂಗಿದವರಿಗೆ ಮಾಲು. ಸವಾಲು ನಡೆಸುವವರು ಘೋಡಗೇರಿಯ ನಿವೃತ್ತ ಮಾಸ್ತರು, ಸಭೆಯ ಹಿರಿಯರು. ಅವರ ಗಂಟಲು ದೊಡ್ಡದು, ಹಸಿವೂ ದೊಡ್ಡದು. ಕೋಳಿಯ ಸರದಿ ಬಂದಾಗ ಮಾತ್ರ ಕೂಗುವ ಕೆಲಸವನ್ನು ಪಾಸ್ಟರ್ ಅಯ್ಯನವರಿಗೆ ಒಪ್ಪಿಸಿ, ತಾವು ಜನರ ನಡುವೆ ಬಂದು ಕೂತು ಸವಾಲು ಏರಿಸುತ್ತಾರೆ. ಅಷ್ಟು ಪ್ರಾಮಾಣಿಕರು. ಅವರ ಕೈಗೆ ಹೋದ ಕೋಳಿ ಸೋಮವಾರದ ಬೆಳಕು ಕಂಡದ್ದಿಲ್ಲ.

ನಾದಿನಿಯನ್ನು ಕೊಟ್ಟಿರುವುದು ಮೂಡಲಗಿಗೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಅಡ್ಡ ಇದೆ ಎಂದು ಡಾಕ್ಟರು ಹೇಳಿದ ವಾರವೇ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಎಲ್ಲರೂ ಕಣ್ಣು ಮುಚ್ಚಿದ್ದಾಗ ಆ ಕೋಳಿ ಪಡಸಾಲೆಗೆ ನುಗ್ಗಿ, ಮಾಸ್ತರರ ಕಾಲ ಬಳಿ ಬಿದ್ದಿದ್ದ ಚುರುಮುರಿ ಹೆಕ್ಕತೊಡಗಿತು. ಅತ್ತೆ ಒಂದು ಕಣ್ಣು ತೆರೆದು ಅದನ್ನು ನೋಡಿದರು. (ಅದನ್ನು ನಾನು ಹೇಗೆ ನೋಡಿದೆ ಎಂದು ಕೇಳಬಾರದು.) "ಸ್ವಾಮಿ, ತಾಯಿ ಕೂಸು ಇಬ್ಬರನ್ನೂ ಉಳಿಸಿ ಕೊಟ್ರ, ಈ ಕೋಳಿ ಸುಗ್ಗಿ ಹಬ್ಬಕ್ಕ ನಿಂದು" ಎಂದರು. ಎಲ್ಲರೂ ಆಮೆನ್ ಎಂದರು. ಮಾಸ್ತರರ ಆಮೆನ್ ಉಳಿದವರದಕ್ಕಿಂತ ಗಟ್ಟಿಯಾಗಿತ್ತು.

ಕೂಸು ತಾನಾಗಿಯೇ ತಿರುಗಿತು. ಹೆಣ್ಣು ಮಗು. ಆಸ್ಪತ್ರೆ, ಮನೆ, ಎರೆಯುವುದು, ಅಂಟಿನ ಉಂಡೆ ಕಟ್ಟುವುದು, ಇವುಗಳ ನಡುವೆ ಅತ್ತೆ ಕೆಲವು ರವಿವಾರ ಚರ್ಚಿಗೆ ಹೋಗಲಿಲ್ಲ. ಆದರೆ ಕಟ್ಟಳೆ ಮುರಿಯಲಿಲ್ಲ. ರವಿವಾರದ ಮೊಟ್ಟೆಗಳನ್ನು ತಪ್ಪದೆ ಆ ಬುಟ್ಟಿಗೆ ಕೂಡಿಸಿದರು, ಅದು ತುಂಬಿದ ಮೇಲೆ ಅಡುಗೆಮನೆಯ ಗಡಿಗೆಗೆ. ಬುಟ್ಟಿ ಇದ್ದದ್ದು ಬಾಣಂತಿಯ ಕೋಣೆಯ ಮೂಲೆಯಲ್ಲಿ. ಮೆತ್ತನೆ ಹುಲ್ಲು, ಮಬ್ಬು ಬೆಳಕು, ಬೆಚ್ಚಗೆ, ದೇವರದೆಂದು ಯಾರೂ ಮುಟ್ಟುವಂತಿಲ್ಲ. ಕೋಳಿಗೆ ಇನ್ನೇನು ಬೇಕು?

ಅದನ್ನು ಮೊದಲು ಕಂಡವಳು ನಾನೇ ಎಂದು ಇಷ್ಟು ದಿನ ಹೇಳುತ್ತಾ ಬಂದಿದ್ದೇನೆ. ನಾದಿನಿ ಒಪ್ಪುವುದಿಲ್ಲ. ತಾನು ಅದರ ಜೊತೆ ಎಷ್ಟೋ ದಿನ ಒಂದೇ ಕೋಣೆಯಲ್ಲಿ ಮಲಗಿದ್ದೆ, ಅದು ಇಲಿ ಎಂದುಕೊಂಡಿದ್ದೆ ಎನ್ನುತ್ತಾಳೆ. ಯಾರು ಕಂಡರೂ ಕಂಡದ್ದು ಒಂದೇ: ಹರಕೆಯ ಕೋಳಿ ದೇವರ ಮೊಟ್ಟೆಗಳ ಮೇಲೆ ರೆಕ್ಕೆ ಹರಡಿಕೊಂಡು ಕಾವಿಗೆ ಕೂತಿತ್ತು. ಹಬ್ಬ ಬರುವ ರವಿವಾರವೇ ಇತ್ತು.

"ಅವ್ವಾ, ನನ್ನ ಬಾಜೂಕ ಇನ್ನೊಬ್ಬಾಕಿ ಬಾಣಂತನಕ್ಕ ಬಂದಾಳ ನೋಡ" ಎಂದು ನಾದಿನಿ ನಕ್ಕಳು.

ಅತ್ತೆ ನಗಲಿಲ್ಲ. ಮಾತು ಕೊಟ್ಟದ್ದು ಎಲ್ಲರ ಎದುರಿಗೆ. ಕೋಳಿಯನ್ನು ಕೊಟ್ಟರೆ ಅದು ಹೋಗುವುದು ಮಾಸ್ತರರ ಒಲೆಗೆ, ಅದರ ಕೆಳಗಿನ ಜೀವಗಳು ಹೋಗುವುದು ತಿಪ್ಪೆಗೆ.

ಇದರ ಮೇಲೆ ನನ್ನ ಪಾಠ ಬೇರೆ. ರವಿವಾರ ಚರ್ಚಿನಲ್ಲಿ ಮಕ್ಕಳಿಗೆ ನಾನೇ ಕಲಿಸುವುದು. ಆ ತಿಂಗಳು ಎರಡು ಪಾಠ ಮಾಡಿದ್ದೆ. ಒಂದು, ಹೌದು ಎಂದರೆ ಹೌದು, ಆಡಿದ ಮಾತು ಆಡಿದಂತೆ ಸಲ್ಲಬೇಕು. ಇನ್ನೊಂದು, ದೇವರು ತನ್ನ ಜನಕ್ಕೆ ಕೊಟ್ಟ ಹಳೆಯ ಕಟ್ಟಳೆ: ದಾರಿಯಲ್ಲಿ ಗೂಡು ಸಿಕ್ಕು, ತಾಯಿ ಹಕ್ಕಿ ಮೊಟ್ಟೆಗಳ ಮೇಲೆ ಕೂತಿದ್ದರೆ ತಾಯಿಯನ್ನು ಹಿಡಿಯಬಾರದು. ಈ ಎರಡನೆಯ ಪಾಠ ಕೋಳಿ ಕೂತದ್ದು ತಿಳಿಯುವ ಮುಂಚೆ ಮಾಡಿದೆನೋ, ತಿಳಿದ ಮೇಲೆ ಆರಿಸಿಕೊಂಡೆನೋ, ಈಗ ಖಚಿತವಿಲ್ಲ. ಪಾಠ ಮೊದಲಾಗಿದ್ದರೆ ಅದು ದೇವರ ಆಟ, ಇಲ್ಲದಿದ್ದರೆ ನನ್ನ ಆಟ. ಬರೆಯುವ ಕೈಗೆ ಮೊದಲನೆಯದೇ ರುಚಿಸುತ್ತದೆ. ಆದ್ದರಿಂದಲೇ ಅದರ ಮೇಲೆ ನನಗೆ ಸಂಶಯ.

"ಎರಡೂ ಪಾಠ ನಿಂದ. ಈಗ ನೀನ ಹೇಳು. ಕೋಳಿ ಕೊಟ್ರ ಗೂಡಿನ ಮಾತು ಮುರೀತು. ಕೊಡದಿದ್ರ ನನ್ನ ಮಾತು ಮುರೀತು. ಯಾವುದು ಮುರೀಲಿ?" ಎಂದರು ಅತ್ತೆ.

"ಅತ್ತಿ, ಎರಡು ಮೌಲ್ಯಗಳ ನಡುವ ಸಂಘರ್ಷ ಬಂದಾಗ..."

"ಸಂಘರ್ಷ ನಿನ್ನ ಕಾಲೇಜಿನ್ಯಾಗ ಇಡು. ಕೋಳೀದು ಹೇಳು."

"ಮುಂದಿನ ವರ್ಷ ಕೊಡಬೇ, ದೇವರೇನು ಓಡಿ ಹೋಗತಾನ?" ಎಂದಳು ನಾದಿನಿ, ಕೂಸಿಗೆ ಹಾಲೂಡುತ್ತಾ.

"ಕೂಸು ಮುಂದಿನ ವರ್ಷ ಕೊಡ್ತೀನಿ ಅಂತ ಅವಾ ಅಂದಿದ್ರ?"

"ಹಂಗಾರ ನನ್ನ ಬಾಣಂತನದ ಸಲವಾಗಿ ಇಕೀನ್ನ ಎಬ್ಬಸ್ತಿ ಏನು?"

ಅಷ್ಟರಲ್ಲಿ ಪಕ್ಕದ ಮನೆಯ ಚಾಚಿ ಕೂಸನ್ನು ನೋಡಲು ಬಂದರು. ಅವರದು ನಮ್ಮ ಓಣಿಯ ಹಳೆಯ ಮುಸಲ್ಮಾನರ ಮನೆ. ನಮ್ಮ ಕೋಳಿಗಳ ಸಂಸಾರವೆಲ್ಲ ನಡೆಯುವುದು ಅವರ ಹುಂಜದಿಂದ. ವಿಷಯ ಕೇಳಿ ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ಅಕ್ಕಾ, ನಂದೂ ಒಂದು ಇಂಥಾದ್ದ ಕೋಳಿ ಐತಿ. ತಗೊಂಡ ಹೋಗು. ಯಾರಿಗೆ ಗೊತ್ತಾಕ್ಕೈತಿ?"

"ದೇವರಿಗೆ ಗೊತ್ತಾಗೂದಿಲ್ಲೇನ?"

ಚಾಚಿ ಕೂಸಿನ ಗಲ್ಲ ಸವರಿದರು. "ಅದೂ ಖರೆನ. ನಿಮ್ಮ ದೇವರಿಗೆ ಗೊತ್ತಾದ್ರ ನಮ್ಮ ದೇವರಿಗೂ ಗೊತ್ತಾಕ್ಕೈತಿ, ಇಬ್ಬರೂ ಒಬ್ಬರ. ಕೋಳಿ ಕೊಟ್ಟ ತಪ್ಪಿಗೆ ನಾನೂ ಸಿಕ್ಕೊಳ್ಳತೇನಿ. ಬ್ಯಾಡ ಬಿಡು."

ಕೊನೆಗೆ ಅತ್ತೆ ತಾವೇ ನಿರ್ಧಾರಕ್ಕೆ ಬಂದರು. ಕೋಳಿಯೂ ದೇವರದು, ಮೊಟ್ಟೆಯೂ ದೇವರದು. ಎಬ್ಬಿಸದೆ, ಬುಟ್ಟಿಯ ಸಮೇತ ಒಯ್ಯುವುದು.

ರವಿವಾರ ಆಟೋದಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೇಲೆ ಹಳೆಯ ಸೀರೆ ಹೊದಿಸಿ ಕೂತರು. "ತಗ್ಗ ನೋಡ್ಕೊಂಡ ಹೊಡಿಯಪ್ಪಾ, ಒಳಗ ಬಾಣಂತಿ ಅದಾಳ" ಎಂದರು. ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ, ಮರ್ಯಾದೆಯಿಂದ ವೇಗ ಕಡಿಮೆ ಮಾಡಿದ.

ಚರ್ಚಿನಲ್ಲಿ ಬುಟ್ಟಿಯನ್ನು ಕಬ್ಬು, ಕುಂಬಳಕಾಯಿಗಳ ನಡುವೆ ಇಟ್ಟೆವು. ಭೂಮಿ ನಮ್ಮದಲ್ಲ, ನಾವು ಬರೀ ನೋಡಿಕೊಳ್ಳುವವರು ಎಂದು ಅಯ್ಯನವರು ಪ್ರಸಂಗ ಮಾಡುತ್ತಿದ್ದಾಗ ಕೋಳಿ ನಡುನಡುವೆ ಕೊರ್ ಎನ್ನುತ್ತಿತ್ತು. ಮೂರನೆಯ ಸಲವೋ ನಾಲ್ಕನೆಯ ಸಲವೋ ಅವರು ಪ್ರಸಂಗ ನಿಲ್ಲಿಸಿದರು. "ಯೇಸುಸ್ವಾಮಿ ತನ್ನನ್ನ ಕೋಳಿಗೆ ಹೋಲಿಸಿಕೊಂಡಾನ, ಮರಿಗಳನ್ನ ರೆಕ್ಕಿ ಕೆಳಗ ಕೂಡಿಸೂ ಕೋಳಿಗೆ. ಹುಂಜಕ್ಕ ಹೋಲಿಸಿಕೊಂಡಿಲ್ಲ, ಗಂಡಸರು ಇದನ್ನ ನೆನಪ ಇಡ್ರಿ" ಎಂದರು. ಹೆಂಗಸರ ಸಾಲಿನಲ್ಲಿ ನಗು ಹರಿಯಿತು. ಮಾಸ್ತರರು ಬುಟ್ಟಿಯನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಭಕ್ತಿ ಇತ್ತು ಎಂದೇ ನಾನು ಬರೆಯುತ್ತೇನೆ, ಯಾಕೆಂದರೆ ಅದನ್ನು ಅಳೆಯುವ ಹಕ್ಕು ನನಗಿಲ್ಲ.

ಕೋಳಿಯ ಸರದಿ ಬಂತು. ಮಾಸ್ತರರು ಕೆಳಗಿಳಿದು ಕೂತರು. ಅಷ್ಟರಲ್ಲಿ ಅತ್ತೆ ಎದ್ದು ನಿಂತರು.

"ಕೋಳಿ ನನ್ನ ಹರಕೀದು. ಕೆಳಗಿನ ತತ್ತಿ ರವಿವಾರದ್ದು, ಅವೂ ನನ್ನವಲ್ಲ. ತಂದು ಮುಟ್ಟಸಾಕ ತಡಾ ಆತು, ಅದಕ್ಕ ಸಭಿಯವರು ಕ್ಷಮಾ ಮಾಡ್ರಿ. ಒಂದ ಮಾತು. ಯಾರ ತಗೊಂಡ್ರೂ ಮರಿ ಆಗೂತನಕ ಇದನ್ನ ಎಬ್ಬಸಬಾರದು."

ಮಾಸ್ತರರು ಕೂತಲ್ಲಿಂದಲೇ ಹೇಳಿದರು: "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ದೇವರಿಗೆ ಕೊಟ್ಟ ಮ್ಯಾಲ ದಾರಾ ನಿಮ್ಮ ಕೈಯಾಗ ಇಟ್ಕೊಂಡ್ರ ಅದು ಗಾಳಿಪಟ ಆತ್ರಿ, ಕಾಣಿಕಿ ಆಗಲಿಲ್ಲ."

ಯಾರೂ ನಗಲಿಲ್ಲ. ಮಾತಿನ ಹಿಂದೆ ಮಾಸ್ತರರ ಹೊಟ್ಟೆ ಇತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಮಾತು ಮಾತ್ರ ಸರಿಯಾಗಿತ್ತು. ಅತ್ತೆ ಬುಟ್ಟಿಯನ್ನು ನೋಡಿದರು, ಅಯ್ಯನವರನ್ನು ನೋಡಿದರು. ಅವರ ಸೆರಗು ಹಿಡಿದ ಬೆರಳುಗಳು ನನಗೆ ಚೆನ್ನಾಗಿ ನೆನಪಿವೆ. ಇದನ್ನು ಮಾತ್ರ ಯಾರೂ ಅಲ್ಲಗಳೆದಿಲ್ಲ.

"ಖರೆ ಐತ್ರಿ ಮಾಸ್ತರ. ಆ ಮಾತು ತಿರುಗಿ ತಗೊಂಡೆ" ಎಂದು ಕೂತರು.

ನಾನು ಅವರ ಕಿವಿಯಲ್ಲಿ ಪಿಸುಗುಟ್ಟಿದೆ: "ಅತ್ತಿ, ನಾವ ಸವಾಲ ಹಿಡಿಯೂಣೇನ್ರಿ? ದೇವರಿಗೆ ರೊಕ್ಕ ಮುಟ್ಟತೈತಲ್ಲ."

"ನಾ ಕೋಳಿ ಅಂದಿದ್ದೆ, ರೊಕ್ಕ ಅಂದಿರಲಿಲ್ಲ. ಕೈ ಕೆಳಗ ಇಡು."

ಕೋಳಿ ಮಾಸ್ತರರಿಗೇ ಹೋಯಿತು. ಬುಟ್ಟಿ ಎತ್ತಿಕೊಳ್ಳಲು ಹೋದಾಗ ಅದು ಅವರ ಮಣಿಕಟ್ಟಿಗೆ ಬಲವಾಗಿ ಕುಕ್ಕಿತು. ಅವರು ಘೋಡಗೇರಿ ಬಸ್ಸಿಗೆ ಹೊರಟಾಗ ಅತ್ತೆ ಗೇಟಿನವರೆಗೂ ಬೆನ್ನು ಹತ್ತಿದರು. "ಬಸ್ಸಿನ್ಯಾಗ ಕಿಡಕಿ ಬಾಜೂ ಹಿಡೀಬ್ಯಾಡ್ರಿ, ಗಾಳಿ ಹತ್ತತೈತಿ. ಒಲಿ ಕಡೆ ಇಡಬ್ಯಾಡ್ರಿ. ನೀರು..."

"ಅಕ್ಕಾರ, ಈಗ ಕೋಳಿ ಯಾರದು?"

"ನಿಮ್ಮದರಿ."

"ಹಂಗಾರ ಬಿಡ್ರಿ, ಬಸ್ ಹೊಕ್ಕೈತಿ."

ಆಮೇಲಿನ ದಿನಗಳಲ್ಲಿ ಅತ್ತೆ ಕೋಳಿಯ ಹೆಸರೆತ್ತಲಿಲ್ಲ. ಆದರೆ ಸಾರಿಗೆ ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುತ್ತಿದ್ದರು. "ಒಂದ ಫೋನ್ ಮಾಡಿ ಕೇಳಬೇ" ಎಂದು ನಾದಿನಿ ಕಾಡಿದಾಗ, "ದಾರಾ ಬಿಟ್ಟೇನಿ. ಕೇಳೂದೂ ದಾರಾನ" ಎಂದರು. ಚಾಚಿ ಬಂದು, "ಇಷ್ಟೊತ್ತಿಗೆ ಮಾಸ್ತರು ಎಲುಬ ಚೀಪಿ, ಕೈ ತೊಳಕೊಂಡು..." ಎನ್ನುವಷ್ಟರಲ್ಲಿ ಅತ್ತೆ ಎದ್ದು ಅಡುಗೆಮನೆಗೆ ಹೋದರು. ಚಾಚಿ ನಾಲಿಗೆ ಕಚ್ಚಿಕೊಂಡರು. ಕೊಡುವುದಕ್ಕಿಂತ ಕೊಟ್ಟ ಮೇಲೆ ಸುಮ್ಮನಿರುವುದು ಕಷ್ಟ ಎಂದು ನಾನು ಆಗಲೇ ಯೋಚಿಸಿದೆ ಎಂದು ಬರೆಯಲು ಆಸೆ. ಬಹುಶಃ ಆಗ ನಾನು ಯೋಚಿಸುತ್ತಿದ್ದದ್ದು ಸಾರಿನ ಉಪ್ಪಿನ ಬಗ್ಗೆಯೇ.

ಆ ವಾರವೇ ಒಂದು ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಫೋನ್ ಬಂತು. ಕೈ ಹಿಟ್ಟಾಗಿದ್ದರಿಂದ ನಾನು ಸ್ಪೀಕರ್ ಹಾಕಿ ಹಿಡಿದೆ. ಮಾಸ್ತರರು.

"ಅಕ್ಕಾರ, ಖರೆ ಹೇಳ್ತೀನಿ, ನಿಮ್ಮ ಮುಂದ ಸುಳ್ಳ ಯಾಕ? ಅವತ್ತ ಮಸಾಲಿ ಅರದಿಟ್ಟಿದ್ವಿ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಕೋಳಿ ತಗ್ಯಾಕಂತ ಕೈ ಹಾಕಿದ್ನಿ. ಕೆಳಗ ಒಂದ ತತ್ತಿ ಬಿರದು, ಚುಂಚ ಹೊರಗ ಬಂದಿತ್ತು. ನನ್ನ ನೋಡಿ ಚಿಂವ್ ಅಂತು. ಇಡೀ ಜನ್ಮ ಸಾಲ್ಯಾಗ ಹುಡುಗರ್ನ ಅಂಜಿಸಿದಾವ ನಾ, ಆ ಚಿಂವಿಗೆ ಅಂಜಿದ್ನಿ ನೋಡ್ರಿ."

"ಮತ್ತ ಮಸಾಲಿ?" ಅತ್ತೆಯ ಬಾಯಿಂದ ಬಂದ ಮೊದಲ ಮಾತು ಅದೇ.

"ಬದನೀಕಾಯಿಗೆ ತುಂಬಿ ಎಣ್ಣಿಗಾಯಿ ಮಾಡಿದ್ವಿ. ಚಲೋ ಆಗಿತ್ತು. ಅದಿರ್ಲಿ, ಈಗ ಮರಿ ಭಾಳ ಆಗ್ಯಾವು. ಕೆಲವು ತತ್ತಿ ಹಂಗ ಉಳದು ಕೆಟ್ಟು. ಇವಕ್ಕ ಏನ ಹಾಕೂದು? ನಾ ಕೋಳಿ ತಿಂದಾವ, ಸಾಕಿದಾವ ಅಲ್ಲರಿ."

ಅತ್ತೆಯ ಮುಖ ಅರಳಿತು. "ಜ್ವಾಳದ ನುಚ್ಚು ಹಾಕ್ರಿ, ಸಣ್ಣಂದು. ನೀರು ತಾಟಿನ್ಯಾಗ ಇಡ್ರಿ, ಆಳ ಬ್ಯಾಡ, ಮುಳಗತಾವ. ಬೆಕ್ಕು, ಹದ್ದು, ಎರಡೂ ನೋಡ್ಕೋರಿ."

"ಬರಕೋತೇನಿ, ತಡೀರಿ."

ಮರಿ ದೊಡ್ಡವಾದ ಮೇಲೆ ತಾಯಿಯನ್ನು ಏನು ಮಾಡುತ್ತೀರಿ ಎಂದು ಕೇಳಲು ನಾನು ಸನ್ನೆ ಮಾಡಿದೆ. ಅತ್ತೆ ಹಿಟ್ಟಿನ ಕೈಯಿಂದಲೇ ಫೋನಿನ ಬಾಯಿ ಮುಚ್ಚಿ, "ಕೋಳಿ ಅವರದು" ಎಂದರು. ಆಮೇಲೆ ಕೈ ತೆಗೆದು ನುಚ್ಚಿನ ಮಾತು ಮುಂದುವರಿಸಿದರು.

ಒಳಗಿನ ಕೋಣೆಯಲ್ಲಿ ಕೂಸು ಅಳತೊಡಗಿತು. ಮಾಸ್ತರರಿಗೂ ಕೇಳಿಸಿರಬೇಕು.

"ನಿಮ್ಮ ಮನ್ಯಾಗೂ ಒಂದು ಚಿಂವ್ ಅನ್ನಾಕತ್ತೈತಿ ಅಕ್ಕಾರ. ನೀವು ನಿಮ್ಮದು ನೋಡ್ರಿ, ನಾ ನಮ್ಮವು ನೋಡ್ಕೊಳ್ತೀನಿ" ಎಂದು ಫೋನ್ ಇಟ್ಟರು.

ಹಂಚಿನ ಮೇಲಿನ ರೊಟ್ಟಿಯನ್ನು ನನಗೆ ಒಪ್ಪಿಸಿ, ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಅತ್ತೆ ಕೂಸಿನ ಕಡೆ ಹೋದರು. ಅಂದಿನ ಸಾರಿಗೆ ಉಪ್ಪು ಸರಿಯಾಗಿತ್ತು. ರೊಟ್ಟಿ ಮಾತ್ರ ಸೀದಿತ್ತು, ಅದು ನನ್ನದು.